ಯವನದ್ವೀಪದ ಊಟ

ನಮ್ಮ ಸಂಘದ ಮಿತ್ರರು ನನ್ನನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಸಮುದ್ರದ ಮೇಲೆ ಅಷ್ಟು ದಿನ ಏನು ತಿಂದಿರಿ, ಮೇಷ್ಟರೇ?" ಗ್ರೀಸ್ ದೇಶದ ಪ್ರಾಚೀನ ದೇವಾಲಯಗಳನ್ನು ಕುರಿತಾಗಲಿ, ಅಲ್ಲಿನ ತತ್ತ್ವಜ್ಞಾನಿಗಳು ನಡೆದಾಡಿದ ನೆಲವನ್ನು ಕುರಿತಾಗಲಿ ಯಾರೂ ವಿಚಾರಿಸುವುದಿಲ್ಲ. ಮೊದಮೊದಲು ಇದರಿಂದ ನನಗೆ ಬೇಸರವಾಗುತ್ತಿದ್ದಿತು. ಈಗ ಯೋಚಿಸಿದರೆ ಅವರು ಕೇಳುವುದೇ ಸರಿಯೆಂದು ತೋರುತ್ತದೆ. ಆ ಪ್ರಯಾಣದಲ್ಲಿ ನನಗೆ ಒದಗಿದ ಕಷ್ಟವೂ ಸುಖವೂ, ಕಲಿತ ಪಾಠವೂ, ಎಲ್ಲವೂ ಊಟಕ್ಕೇ ಸಂಬಂಧಿಸಿದವು. ಆದಕಾರಣ ಎಲ್ಲರಿಗೂ ಸೇರಿಸಿ ಒಂದೇ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಉತ್ತರ ಸ್ವಲ್ಪ ಉದ್ದವಾದರೆ ವಾಚಕರು ಕ್ಷಮಿಸಬೇಕು. ಉಪಾಧ್ಯಾಯನಾಗಿದ್ದವನಿಗೆ ಗಂಟೆ ಹೊಡೆಯುವವರೆಗೆ ಮಾತು ನಿಲ್ಲುವುದಿಲ್ಲ.

ನಾನು ತುಂಗಾತೀರದ ಒಂದು ಪಾಠಶಾಲೆಯಲ್ಲಿ ಕಾವ್ಯವ್ಯಾಕರಣಗಳನ್ನು ಓದಿ, ಮೂವತ್ತೆರಡು ವರ್ಷಕಾಲ ಹುಡುಗರಿಗೆ ಸಂಸ್ಕೃತವನ್ನು ಹೇಳಿಕೊಟ್ಟು ನಿವೃತ್ತನಾದವನು. ಪರಾನ್ನವೆಂದರೆ ನನಗೆ ಚಿಕ್ಕಂದಿನಿಂದಲೂ ಅಂಜಿಕೆ. ಹೋಟೆಲಿನ ಕಾಫಿಯನ್ನು ಕೂಡ ಕುಡಿಯದೆ ದಿನಗಳನ್ನು ಕಳೆದವನೆಂಬುದನ್ನು ನಮ್ಮ ಊರಿನವರೆಲ್ಲರೂ ಬಲ್ಲರು. ಇಂಥವನು ಕಡಲಿಗೆ ಇಳಿದನೆಂದರೆ ಜನರು ನಕ್ಕದ್ದರಲ್ಲಿ ತಪ್ಪಿಲ್ಲ. ಬೌಧಾಯನನು ಮನುಷ್ಯನನ್ನು ಪತಿತನನ್ನಾಗಿ ಮಾಡುವ ಕರ್ಮಗಳನ್ನು ಎಣಿಸುವಾಗ ಸಮುದ್ರಯಾನವನ್ನೇ ಮೊದಲಿಗೆ ಇಟ್ಟಿದ್ದಾನೆ. ಸಮುದ್ರವನ್ನು ದಾಟಿದವನನ್ನು ಶ್ರಾದ್ಧದ ಪಂಕ್ತಿಗೆ ಕರೆಯಬಾರದೆಂದು ಮನುವಿನ ಮತ. ವಿಮಾನದಲ್ಲಿ ಕಡಲ ಮೇಲೆ ಹಾರಿಹೋಗುವುದು ಸಮುದ್ರಯಾನವೇ ಅಲ್ಲವೇ ಎಂದು ಪಂಡಿತರು ವಾದಿಸಬಹುದು. ಹಾಯಿಹಡಗಿನಲ್ಲಿ ಹನ್ನೆರಡು ದಿನ ಇದ್ದವನಿಗೆ ಆ ಸಂಶಯಲಾಭವೂ ಇಲ್ಲ.

ಹೋಗುವುದಕ್ಕೆ ಕಾರಣವನ್ನು ಹೇಳಬೇಕಾದರೆ ಸ್ವಲ್ಪ ಮನೆಯ ಮಾತನ್ನು ಆಡಬೇಕಾಗುತ್ತದೆ. ನನಗಿರುವವಳು ಒಬ್ಬಳೇ ಮಗಳು. 2015ರಲ್ಲಿ ಅವಳು ತಾನೇ ಮೆಚ್ಚಿದ ವರನನ್ನು ಮದುವೆಯಾದಳು. ವರನು ನಮ್ಮವನಲ್ಲ, ವಿಜಯಪುರದ ಕಡೆಯವನು, ಬೇರೆ ಕುಲದವನು. ನಾನು ಮದುವೆಗೆ ಹೋಗಲಿಲ್ಲ. ಹಾಗೆಂದು ಮಗಳನ್ನು ದೂರವಿಡಲೂ ಇಲ್ಲ. ವರ್ಷಕ್ಕೊಮ್ಮೆ ಅವರು ಜರ್ಮನಿಯಿಂದ ಬಂದು ಬೆಂಗಳೂರಿನಲ್ಲಿ ಮನೆ ಹಿಡಿದು ಕೆಲವು ದಿನ ಇರುತ್ತಿದ್ದರು. ನಾನು ಹೋಗಿ ಮೊಮ್ಮಗನನ್ನು ಎತ್ತಿ ಆಡಿಸಿ ಬರುತ್ತಿದ್ದೆನು. ಆದರೆ ಅವಳ ಮನೆಯಲ್ಲಿ ಊಟ ಮಾಡಲಿಲ್ಲ. ಅವಳೂ ಒಂದು ದಿನವಾದರೂ ಬಲವಂತ ಮಾಡಲಿಲ್ಲ. ಒಂದು ಲೋಟ ಹಾಲು, ಎರಡು ಬಾಳೆಹಣ್ಣು, ಇಷ್ಟನ್ನು ತಂದು ಮುಂದೆ ಇಟ್ಟು ಒಳಕ್ಕೆ ಹೋಗಿಬಿಡುವಳು. ನನ್ನ ಹೆಂಡತಿ ಮಾತ್ರ ಅವರೊಡನೆ ಕುಳಿತು ಉಂಡು ಏಳುವಳು. 2020ರಲ್ಲಿ ಆಕೆ ತೀರಿಕೊಳ್ಳುವುದಕ್ಕೆ ಮೂರು ದಿನ ಮೊದಲು, "ಒಂದು ಸಲ ಅವಳ ಕೈಯಡಿಗೆ ಉಂಡು ಬನ್ನಿ. ಉಪ್ಪು ಖಾರ ಎಲ್ಲ ನನ್ನ ಹಾಗೇ ಹಾಕ್ತಾಳೆ" ಎಂದು ಹೇಳಿದಳು. ನಾನು ಆಗಲೆಂದೆನು. ಆಮೇಲೆ ನಾಲ್ಕು ವರ್ಷ ಸುಮ್ಮನಿದ್ದೆನು.

2024ರ ಬೇಸಗೆಯಲ್ಲಿ ಮಗಳು ದೂರವಾಣಿಯಲ್ಲಿ ಮಾತನಾಡಿ, "ಅಪ್ಪಯ್ಯ, ಈ ಸಲ ನಾವು ಅಲ್ಲಿಗೆ ಬರೋಕಾಗಲ್ಲ. ನೀವೇ ಬನ್ನಿ. ಒಂದು ಹಾಯಿದೋಣಿ ಬಾಡಿಗೆಗೆ ಹಿಡಿದಿದ್ದೀವಿ, ಗ್ರೀಸಿನ ದ್ವೀಪ ನೋಡೋಣ" ಎಂದಳು. ಯವನರ ನಾಡೆಂದರೆ ಕಾವ್ಯ ಓದಿದವನಿಗೆ ಒಂದು ಆಸೆ ಇದ್ದೇ ಇರುತ್ತದೆ. ಆಸೆಯ ಹಿಂದೆ ಹೆಂಡತಿಗೆ ಕೊಟ್ಟ ಮಾತೂ ನಿಂತಿದ್ದಿತು. ಹೊರಟೆನು.

ಅಥೆನ್ಸ್ ನಗರದ ಆಗ್ನೇಯಕ್ಕೆ ಇರುವ ಲಾವ್ರಿಯೊ ಎಂಬ ಬಂದರಿನಲ್ಲಿ ನಮ್ಮ ದೋಣಿಯು ಕಟ್ಟಿದ್ದಿತು. ಯಾಟ್ ಎಂದು ಕರೆಯುವ ಈ ದೋಣಿಯ ಉದ್ದ ಸುಮಾರು 40 ಅಡಿ. ಅದರ ಹೊಟ್ಟೆಯೊಳಗೆ ಮಲಗುವುದಕ್ಕೆ ಮೂರು ಗೂಡುಗಳು, ಊಟದ ಮೇಜು, ಒಂದು ಸಣ್ಣ ಅಡಿಗೆಯ ಮೂಲೆ. ಅಲ್ಲಿನ ಒಲೆಯು ಒಂದು ವಿಚಿತ್ರ. ಅದನ್ನು ತೊಟ್ಟಿಲಿನಂತೆ ಎರಡು ತಿರುಗಣೆಗಳ ಮೇಲೆ ತೂಗುಹಾಕಿದ್ದರು. ದೋಣಿಯು ಎಷ್ಟು ಓರೆಯಾದರೂ ಒಲೆಯು ಮಾತ್ರ ನೆಟ್ಟಗೆ ನಿಲ್ಲುವುದು. ಪಾತ್ರೆಯ ಸಾರು ತುಳುಕುವುದಿಲ್ಲ. ದೋಣಿಯನ್ನು ನಡೆಸುವವನು ಮೂವತ್ತು ವರ್ಷದ ಒಬ್ಬ ಗ್ರೀಕ್ ತರುಣ. ನಮ್ಮ ದಾರಿ ಸೈಕ್ಲಡೀಸ್ ಎಂಬ ದ್ವೀಪಸಮೂಹದ ನಡುವೆ ದಕ್ಷಿಣಕ್ಕೆ. ಕಿಥ್ನೋಸ್, ಸೆರಿಫೋಸ್, ಸಿಫ್ನೋಸ್ ದ್ವೀಪಗಳನ್ನು ನೋಡಿಕೊಂಡು ಕೊನೆಗೆ ಸಾಂತೊರಿನಿಯಲ್ಲಿ ಇಳಿದು, ದೋಣಿಯನ್ನು ಆ ತರುಣನಿಗೇ ಒಪ್ಪಿಸಿ, ವಿಮಾನ ಹತ್ತುವುದೆಂದು ಏರ್ಪಾಡು. ಬೇಸಗೆಯಲ್ಲಿ ಆ ಕಡಲಿನ ಮೇಲೆ ಉತ್ತರದಿಂದ ಮೆಲ್ತೆಮಿ ಎಂಬ ಒಣಗಾಳಿಯು ಬೀಸುತ್ತದೆ. ಆಕಾಶದಲ್ಲಿ ಒಂದು ಮೋಡವಿಲ್ಲದೆ, ಕಣ್ಣು ಕೋರೈಸುವ ಬಿಸಿಲಿನಲ್ಲಿ, ಬಿರುಗಾಳಿ ಏಳುವುದನ್ನು ನಾನು ಅಲ್ಲಿಯೇ ಮೊದಲು ಕಂಡದ್ದು.

ನನ್ನ ಪೆಟ್ಟಿಗೆಯಲ್ಲಿ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಬೆಲ್ಲ, ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ, ನನ್ನದೇ ತಟ್ಟೆ, ನನ್ನದೇ ಲೋಟ ಇದ್ದವು. ಬೆಳಗ್ಗೆ ಕಡಲಿನಲ್ಲಿ ಮುಳುಗಿ, ಒಂದು ತಂಬಿಗೆ ಸಿಹಿನೀರು ಸುರಿದುಕೊಂಡು, ಉಪ್ಪಿನಿಂದ ಗರಿಗರಿಯಾದ ಪಂಚೆಯನ್ನು ಉಟ್ಟು, ಅವಲಕ್ಕಿಯನ್ನು ನೆನೆಸಿಕೊಂಡು ಮುಂದಿನ ಮೂತಿಯ ಬಳಿ ಕುಳಿತು ತಿನ್ನುವೆನು. ಹಿಂದೆ ತೂಗುವ ಒಲೆಯ ಮೇಲೆ ಮಗಳು ಒಗ್ಗರಣೆ ಹಾಕುವಳು. ಗಾಳಿಯು ಹಿಂದಿನಿಂದ ಬೀಸುತ್ತಿದ್ದುದರಿಂದ ಇಂಗಿನ ವಾಸನೆಯು ನೇರವಾಗಿ ನನ್ನ ಮೂಗಿಗೇ ಬರುತ್ತಿದ್ದಿತು. ಊಟದ ಹೊತ್ತಿಗೆ ಹಾಲು ಹಣ್ಣುಗಳು ತಪ್ಪದೆ ಬರುತ್ತಿದ್ದವು.

ಊರುಗಳಲ್ಲಿ ಇಳಿದಾಗ ಕಡಲ ದಂಡೆಯ ಊಟದ ಮನೆಗಳಲ್ಲಿ ನಾನೂ ಅವರೊಡನೆ ಕೂರುತ್ತಿದ್ದೆನು. ಬೆಂಕಿ ತಾಗದ ಪದಾರ್ಥಕ್ಕೆ ಅಷ್ಟಾಗಿ ದೋಷವಿಲ್ಲವೆಂದು ನಾನೇ ಒಂದು ವ್ಯವಸ್ಥೆಯನ್ನು ಮಾಡಿಕೊಂಡು, ತಕ್ಕಾಳಿ, ಸೌತೆಕಾಯಿ, ಉಪ್ಪಿನಲ್ಲಿ ಹಾಕಿದ ಆಲಿವ್ ಕಾಯಿ, ಕಲ್ಲಂಗಡಿ ಇವುಗಳನ್ನು ತಿನ್ನುವೆನು. ಆ ತಕ್ಕಾಳಿಯ ರುಚಿಯನ್ನು ಏನೆಂದು ಹೇಳಲಿ! ಮಳೆಯಿಲ್ಲದ ಕಲ್ಲುನೆಲದಲ್ಲಿ ಬೆಳೆದು, ನೀರಿಗೆ ಬದಲಾಗಿ ಬಿಸಿಲನ್ನೇ ಕುಡಿದಂತೆ ಇರುತ್ತದೆ. ಗಿಣ್ಣಿನಂತೆ ತೋರುವ ಬೆಣ್ಣೆಯ ಬಣ್ಣದ ಚೀಸನ್ನು ಮಾತ್ರ ಮಗಳು ಸದ್ದಿಲ್ಲದೆ ನನ್ನ ತಟ್ಟೆಯಿಂದ ತೆಗೆದುಬಿಡುವಳು. ಹಾಲನ್ನು ಒಡೆಯಿಸುವುದಕ್ಕೆ ಅಲ್ಲಿ ಕರುವಿನ ಇಲ್ಲವೆ ಆಡುಮರಿಯ ಹೊಟ್ಟೆಯಿಂದ ತೆಗೆದ ರಸವನ್ನು ಹಾಕುವ ಪದ್ಧತಿ ಉಂಟೆಂದು ಆಮೇಲೆ ತಿಳಿಯಿತು. ಅವಳು ಅದನ್ನೂ ವಿಚಾರಿಸಿ ಇಟ್ಟುಕೊಂಡಿದ್ದಳು.

ದೋಣಿಯ ತರುಣನು ನನಗೆ ಒಂದು ಗ್ರೀಕ್ ಶಬ್ದವನ್ನು ಕಲಿಸಿಕೊಟ್ಟನು: "ನಿಸ್ತೀಸಿಮೊ". ಉಪವಾಸಕ್ಕೆ ಯೋಗ್ಯವಾದದ್ದು ಎಂದು ಅರ್ಥ. ಅಲ್ಲಿನ ಕ್ರೈಸ್ತರು ವರ್ಷದಲ್ಲಿ ಅನೇಕ ವ್ರತಗಳನ್ನು ಹಿಡಿಯುತ್ತಾರೆ. ಆಗಸ್ಟ್ 1ರಿಂದ 14ರವರೆಗೆ, ಮೇರಿಮಾತೆಯ ಹಬ್ಬಕ್ಕೆ ಮುಂಚೆ, ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ನಾನು ಶಾಕಾಹಾರಿಯೆಂದು ಇಂಗ್ಲಿಷಿನಲ್ಲಿ ಹೇಳಿದರೆ ಹುಬ್ಬೇರಿಸುತ್ತಿದ್ದ ಮುದುಕರು, ಈ ಒಂದು ಶಬ್ದವನ್ನು ಆಡಿದೊಡನೆ ತಲೆದೂಗಿ ಒಳಕ್ಕೆ ಹೋಗುವರು. ವ್ರತವೆಂದರೆ ಅವರಿಗೆ ತಿಳಿಯುತ್ತದೆ. ಆದರೆ ಸೆರಿಫೋಸಿನಲ್ಲಿ ಒಂದು ಫಜೀತಿಯಾಯಿತು. ವ್ರತದ ತಟ್ಟೆಯೆಂದು ತಂದದ್ದರಲ್ಲಿ ತಕ್ಕಾಳಿಯ ಪಕ್ಕಕ್ಕೆ ಬಟ್ಟಲುಬಟ್ಟಲಾದ ಗುರುತುಗಳುಳ್ಳ ಯಾವುದೋ ನೇರಳೆ ಬಣ್ಣದ ಕಾಯಿಯ ಹೋಳುಗಳಿದ್ದವು. ಕೈ ಹಾಕುವುದರೊಳಗೆ ಅಳಿಯಂದಿರು "ಮಾವಾರ, ಅದನ್ನ ಮುಟ್ಟಬ್ಯಾಡ್ರಿ!" ಎಂದು ಕೂಗಿಕೊಂಡರು. ಅದು ಎಂಟು ಕಾಲಿನ ಕಡಲಪ್ರಾಣಿ! ರಕ್ತವಿಲ್ಲದ ಜಲಚರಗಳಿಗೆ ಅವರ ವ್ರತದಲ್ಲಿ ಅಡ್ಡಿಯಿಲ್ಲವಂತೆ. ಶಾಸ್ತ್ರವಿದ್ದಲ್ಲೆಲ್ಲ ಅದರಿಂದ ನುಣುಚಿಕೊಳ್ಳುವ ಸಂದೂ ಇರುವುದೆಂದು ತಿಳಿದು ನನಗೆ ನಗು ಬಂದಿತು. ಬೆಂಕಿ ತಾಗದ್ದೆಂಬ ನನ್ನ ಸಂದು ಆ ಹೊತ್ತಿಗೆ ನೆನಪಾಗಲಿಲ್ಲ.

ಸಿಫ್ನೋಸಿನಲ್ಲಿ ಗಾಳಿಯು ನಮ್ಮನ್ನು ಹಿಡಿದು ನಿಲ್ಲಿಸಿತು. ವಾಥಿ ಎಂಬ ದುಂಡನೆಯ ಕೊಲ್ಲಿಯಲ್ಲಿ ಲಂಗರು ಹಾಕಿ ಮೂರು ದಿನ ಕಾದೆವು. ಈ ದ್ವೀಪವು ಒಂದು ಕಾಲಕ್ಕೆ ಚಿನ್ನ ಬೆಳ್ಳಿಯ ಗಣಿಗಳಿಂದ ಐಶ್ವರ್ಯವಂತವಾಗಿದ್ದಿತು. ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ ಇಲ್ಲಿನವರು ಡೆಲ್ಫಿಯ ದೇವರಿಗೆ ಒಂದು ಭಂಡಾರಗೃಹವನ್ನೇ ಕಟ್ಟಿಸಿಕೊಟ್ಟಿದ್ದರು. ಈಗ ಗಣಿಯಿಲ್ಲ, ಕುಂಬಾರಿಕೆಯೂ ಅಡಿಗೆಯೂ ಉಳಿದಿವೆ. ಗ್ರೀಕರಿಗೆ ಮೊದಲ ದೊಡ್ಡ ಪಾಕಪುಸ್ತಕವನ್ನು ಬರೆದುಕೊಟ್ಟ ತ್ಸೆಲೆಮೆಂತೆಸ್ ಈ ದ್ವೀಪದವನೇ. ಅವನ ಹೆಸರೇ ಅವರ ಭಾಷೆಯಲ್ಲಿ ಪಾಕಪುಸ್ತಕವೆಂಬುದಕ್ಕೆ ಶಬ್ದವಾಗಿ ನಿಂತಿದೆ, ನಮ್ಮಲ್ಲಿ ಕೋಶವೆಂದರೆ ಅಮರ ಎಂದಂತೆ.

ಆಗಸ್ಟ್ 4, ಭಾನುವಾರ. ಅಂದು ನಮಗೆ ಆಷಾಢದ ಅಮಾವಾಸ್ಯೆ, ಭೀಮನ ಅಮಾವಾಸ್ಯೆ. ನಾನು ಬೆಳಗ್ಗೆ ದೋಣಿಯ ಮೂತಿಯಲ್ಲಿ ಕುಳಿತು, ಗಾಳಿಗೆ ಎಳ್ಳು ಹಾರಿಹೋಗದಂತೆ ಕೈ ಮರೆಮಾಡಿಕೊಂಡು ತರ್ಪಣವನ್ನು ಮುಗಿಸಿ ಒಳಕ್ಕೆ ಇಳಿದೆನು. ಅಲ್ಲಿ ಊಟದ ಮೇಜಿನ ಮೇಲೆ ಎರಡು ಪುಟ್ಟ ಹಿತ್ತಾಳೆಯ ದೀಪಗಳು ಉರಿಯುತ್ತಿದ್ದವು. ಮಗಳು ಅರಿಸಿನದ ದಾರವನ್ನು ಕಟ್ಟಿಕೊಂಡು ಗಂಡನಿಗೆ ನಮಸ್ಕಾರ ಮಾಡುತ್ತಿದ್ದಳು. ಆ ದೀಪಗಳನ್ನು ನಾನು ಬಲ್ಲೆನು. ಇಪ್ಪತ್ತೆಂಟು ವರ್ಷ ಅದೇ ದಿನ ನನ್ನ ಹೆಂಡತಿ ನನ್ನ ಮುಂದೆ ಹಚ್ಚುತ್ತಿದ್ದ ದೀಪಗಳು. ಅವು ಮನೆಯಲ್ಲಿ ಇಲ್ಲವೆಂಬುದೂ ನನಗೆ ಗೊತ್ತಾಗಿರಲಿಲ್ಲ. ಯಾವ ವರ್ಷ ಅವನ್ನು ಮಗಳ ಕೈಗೆ ಕೊಟ್ಟಳೋ ನಾನು ಕೇಳಲಿಲ್ಲ. ಮೆಟ್ಟಿಲಿನ ಮೇಲೆಯೇ ಸ್ವಲ್ಪ ಹೊತ್ತು ನಿಂತಿದ್ದು ಮತ್ತೆ ಮೇಲಕ್ಕೆ ಹೋದೆನು.

ಅಂದು ದೋಣಿಯ ತರುಣನು ನಮ್ಮನ್ನು ತನ್ನ ಸೋದರತ್ತೆಯ ಮನೆಗೆ ಕರೆದುಕೊಂಡು ಹೋದನು. ಆಕೆ ಅರ್ತೆಮೊನಾಸ್ ಎಂಬ ಗುಡ್ಡದ ಮೇಲಿನ ಹಳ್ಳಿಯಲ್ಲಿ ಒಂಟಿಯಾಗಿರುವ ಮುದುಕಿ. ಕರಿಯ ಬಟ್ಟೆ, ಬಿಳಿಯ ತಲೆ, ನೆಟ್ಟಗಿನ ಬೆನ್ನು. ಸಿಫ್ನೋಸಿನಲ್ಲಿ ಭಾನುವಾರದ ಊಟವೆಂದರೆ ರೆವಿಥಾದಾ. ಬಿಳಿಯ ಕಾಬೂಲಿ ಕಡಲೆಯನ್ನು ನೆನೆಹಾಕಿ, ಈರುಳ್ಳಿ, ಆಲಿವ್ ಎಣ್ಣೆ, ಲಾರೆಲ್ ಎಲೆ, ಉಪ್ಪು ಇಷ್ಟನ್ನೇ ಸೇರಿಸಿ, ಅಲ್ಲಿಯ ಕುಂಬಾರರು ಮಾಡುವ ಮುಚ್ಚಳದ ಮಡಕೆಯಲ್ಲಿ ತುಂಬುತ್ತಾರೆ. ಶನಿವಾರ ಸಂಜೆ ಆ ಮಡಕೆಯನ್ನು ಸೌದೆಯ ಗೂಡೊಲೆಗೆ ಇಟ್ಟರೆ, ರಾತ್ರಿಯೆಲ್ಲ ಮಂದವಾದ ಕಾವಿನಲ್ಲಿ ತಾನೇ ಬೇಯುತ್ತದೆ. ಬೆಳಗ್ಗೆ ದೇವಾಲಯದ ಪ್ರಾರ್ಥನೆ ಮುಗಿಸಿ ಬರುವಾಗ ಮಡಕೆಯನ್ನು ತಂದುಕೊಳ್ಳುವುದು. ದೇವರ ಕೆಲಸಕ್ಕೂ ಅಡಿಗೆಯ ಕೆಲಸಕ್ಕೂ ವಿರೋಧ ಬಾರದಂತೆ ಹೆಂಗಸರು ಕಂಡುಕೊಂಡ ಉಪಾಯವಿದು.

ಮುದುಕಿಯು ಮುಚ್ಚಳವನ್ನು ತೆಗೆದಳು. ಕಡಲೆಯು ಬೆಣ್ಣೆಯಂತೆ ಬೆಂದು, ಒಂದೂ ಒಡೆಯದೆ, ಹೊಂಬಣ್ಣದ ಗಂಜಿಯಲ್ಲಿ ನಿಂತಿದ್ದಿತು. ಆಕೆ ನನ್ನತ್ತ ನೋಡಿ "ನಿಸ್ತೀಸಿಮೊ" ಎಂದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಸೌಟನ್ನು ಹಿಡಿದು ನಿಂತಳು. ಅಂದು ಅಮಾವಾಸ್ಯೆ, ತರ್ಪಣ ಕೊಟ್ಟ ಕೈ, ಪರಾನ್ನಕ್ಕೆ ಎಲ್ಲ ದಿನಕ್ಕಿಂತ ಹೆಚ್ಚಿನ ನಿಷೇಧವಿರುವ ದಿನ. ಇದೆಲ್ಲವೂ ನನ್ನ ಮನಸ್ಸಿಗೆ ಬಂದಿತು. ಆದರೂ ತಟ್ಟೆಯನ್ನು ಮುಂದಕ್ಕೆ ನೀಡಿದೆನು. ಏಕೆಂದು ಕೇಳಿದರೆ, ಆಕೆಯ ವ್ರತಕ್ಕೆ ಗೌರವವೆಂದೂ, ಅತಿಥಿಧರ್ಮವೆಂದೂ ದೊಡ್ಡ ಕಾರಣಗಳನ್ನು ಹೇಳಬಹುದು. ಒಂಬತ್ತು ದಿನ ಬರೀ ಅವಲಕ್ಕಿ ತಿಂದವನಿಗೆ ಹಸಿವಾಗಿದ್ದಿತು ಎಂಬುದೇ ಸತ್ಯಕ್ಕೆ ಹತ್ತಿರ. ನಿಂಬೆಯ ರಸವನ್ನು ಹಿಂಡಿಕೊಂಡು ತಿಂದೆನು. ಎರಡನೆಯ ಸಲ ಬಡಿಸಿಕೊಂಡೆನು. ಸುಮ್ಮನೆ ಉಣ್ಣಬಾರದೆಂದು ಚೀಲದಲ್ಲಿದ್ದ ಅಪ್ಪೆಮಿಡಿಯ ಭರಣಿಯನ್ನು ಆಕೆಯ ಮುಂದೆ ಇಟ್ಟೆನು. ಒಂದು ಮಿಡಿಯನ್ನು ಕಚ್ಚಿದವಳೇ ಕಣ್ಣು ಮುಚ್ಚಿ, ಖಾರಕ್ಕೆ ತಡೆದುಕೊಂಡು, ಆಮೇಲೆ ಎದ್ದು ಹೋಗಿ ತನ್ನ ಭರಣಿಯನ್ನು ತಂದಳು. ಬಂಡೆಯ ಸಂದಿನಲ್ಲಿ ಬೆಳೆಯುವ ಕೇಪರ್ ಎಂಬ ಗಿಡದ ಮೊಗ್ಗುಗಳು, ಉಪ್ಪಿನಲ್ಲಿ ಹಾಕಿದ್ದು. ಭಾಷೆ ಬಾರದ ಇಬ್ಬರು ಮುದುಕರು ಒಬ್ಬರ ಉಪ್ಪಿನಕಾಯಿಯನ್ನು ಒಬ್ಬರು ತಿಂದು ತಲೆದೂಗುತ್ತ ಕುಳಿತೆವು. ಮಗಳು ನನ್ನ ಎದುರಿಗೇ ಇದ್ದಳು. ಅವಳು ಏನನ್ನೂ ಹೇಳಲಿಲ್ಲ. ತಟ್ಟೆಯಿಂದ ತಲೆಯನ್ನೂ ಎತ್ತಲಿಲ್ಲ.

ರಾತ್ರಿ ದೋಣಿಗೆ ಹಿಂದಿರುಗಿದೆವು. ಊಟದ ಹೊತ್ತಿಗೆ ನನ್ನ ಮುಂದೆ ಒಂದು ಲೋಟ ಹಾಲು, ಎರಡು ಬಾಳೆಹಣ್ಣು ಬಂದವು.

ಒಂಬತ್ತು ವರ್ಷದಲ್ಲಿ ಎಷ್ಟೋ ಸಲ ಕಂಡಿದ್ದ ಆ ಹಣ್ಣುಗಳನ್ನು ಅಂದು ನೋಡಲಾರದೆ ಹೋದೆನು. ಗುರುತುಪರಿಚಯವಿಲ್ಲದ, ಬೇರೆ ಮತದ ಮುದುಕಿಯ ಮಡಕೆಯಿಂದ ಅಮಾವಾಸ್ಯೆಯ ದಿನ ಎರಡು ಸಲ ಬಡಿಸಿಕೊಂಡು ಉಂಡವನು ಸ್ವಂತ ಮಗಳ ಮುಂದೆ ಮಡಿವಂತನಾಗಿ ಕುಳಿತಿದ್ದೆನು. ಅವಳ ಮುಖದಲ್ಲಿ ಸಿಟ್ಟಾಗಲಿ ಅಣಕವಾಗಲಿ ಇರಲಿಲ್ಲ. ದಿನವೂ ಇಡುವಂತೆ ಇಟ್ಟಿದ್ದಳು, ಅಷ್ಟೇ. "ಒಳಗೆ ಏನು ಮಾಡಿದ್ದೀಯೆ?" ಎಂದು ಕೇಳಿದೆನು. "ಅನ್ನ, ಟೊಮೇಟೊ ಸಾರು" ಎಂದಳು. "ನನಗೂ ಒಂದು ತಟ್ಟೆ ಹಾಕು" ಎಂದೆನು. ಅವಳು ಸ್ವಲ್ಪ ಹೊತ್ತು ನಿಂತಳು. "ಅಪ್ಪಯ್ಯ, ಸಾರು ಬಿಸಿ ಮಾಡಿ ತರ್ತೀನಿ" ಎಂದು ಒಲೆಯ ಕಡೆಗೆ ತಿರುಗಿದಳು. ಒಲೆ ಹಚ್ಚಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಉಪ್ಪು ಖಾರ ಎಲ್ಲವೂ ನನ್ನ ಹೆಂಡತಿ ಹೇಳಿದ್ದಂತೆಯೇ ಇದ್ದವು.

ಗಾಳಿ ಇಳಿದ ಮೇಲೆ ಸಾಂತೊರಿನಿಗೆ ಹೊರಟೆವು. ಸುಮಾರು 3,600 ವರ್ಷಗಳ ಹಿಂದೆ ಬೆಂಕಿಯ ಬೆಟ್ಟವೊಂದು ಸ್ಫೋಟಗೊಂಡು ನಡುಭಾಗವೆಲ್ಲ ಕಡಲಿಗೆ ಕುಸಿದು, ಅಂಚು ಮಾತ್ರ ಉಳಿದ ದ್ವೀಪವಿದು. ದೋಣಿಯು ಆ ಕರಿಯ ಕೆಂಪು ಗೋಡೆಗಳ ನಡುವೆ ನುಗ್ಗುವಾಗ ಮೊಮ್ಮಗನು ಕೂಡ ಮಾತು ನಿಲ್ಲಿಸಿದನು. ಆ ದ್ವೀಪದ ಮುಖ್ಯವಾದ ಆಹಾರ ಫಾವಾ. ನಮ್ಮ ಕೇಸರಿಬೇಳೆಯ ಜಾತಿಗೆ ಸೇರಿದ ಒಂದು ಬಳ್ಳಿಯ ಹಳದಿ ಬೇಳೆ. 1967ರಲ್ಲಿ ಮರಿನಾತೋಸ್ ಎಂಬ ವಿದ್ವಾಂಸನು ಬೂದಿಯಡಿಯಿಂದ ಅಗೆಯಲು ತೊಡಗಿದ ಅಕ್ರೊತೀರಿ ಎಂಬ ಪ್ರಾಚೀನ ಪಟ್ಟಣದಲ್ಲಿಯೂ ಇದೇ ಕಾಳು ದೊರಕಿದೆಯಂತೆ. ಅದನ್ನು ಬೇಯಿಸಿ ಮಸೆದು, ಆಲಿವ್ ಎಣ್ಣೆ, ಹಸಿ ಈರುಳ್ಳಿ, ಕೇಪರ್ ಮೊಗ್ಗು ಹಾಕಿ ಬಡಿಸುತ್ತಾರೆ. ಬಾಯಿಗೆ ಇಟ್ಟ ಕೂಡಲೆ ನಾನು "ಇದು ತೊವ್ವೆ!" ಎಂದೆನು. ಮಗಳು ಒಂದು ಸೇರಿನಷ್ಟು ಬೇಳೆ ಕೊಂಡು ತಂದು, ದೋಣಿಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆ ಕೊಟ್ಟು ಮತ್ತೆ ಮಾಡಿದಳು. ಯವನರ ತೊವ್ವೆಗೆ ಮಲೆನಾಡಿನ ಒಗ್ಗರಣೆಯು ಚೆನ್ನಾಗಿ ಒಪ್ಪುತ್ತದೆ.

ಇನ್ನು ದ್ರಾಕ್ಷಿಯ ವಿಷಯ. ಕಾಳಿದಾಸನು ರಘುವಂಶದ ನಾಲ್ಕನೆಯ ಸರ್ಗದಲ್ಲಿ, ಪಾರಸಿಕರನ್ನು ಗೆದ್ದ ರಘುವಿನ ಯೋಧರು ದ್ರಾಕ್ಷಿಯ ಬಳ್ಳಿಗಳ ನಡುವಿನ ನೆಲದಲ್ಲಿ ಮಧುವನ್ನು ಕುಡಿದು ಆಯಾಸವನ್ನು ಕಳೆದುಕೊಂಡರೆಂದು ವರ್ಣಿಸುತ್ತಾನೆ. ಅಲ್ಲಿ ದ್ರಾಕ್ಷಾವಲಯವೆಂಬ ಸಮಾಸವಿದೆ. ವಲಯವೆಂದರೆ ಸುತ್ತು, ಬಳೆ. ಮೂವತ್ತೆರಡು ವರ್ಷ ನಾನು ಹುಡುಗರಿಗೆ "ದ್ರಾಕ್ಷಿಯ ತೋಟದ ಆವರಣ" ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದೆನು. ಸಾಂತೊರಿನಿಯಲ್ಲಿ ಚಪ್ಪರವಿಲ್ಲ, ಕಂಬವಿಲ್ಲ. ಬೂದಿಯ ನೆಲದ ಮೇಲೆ ಪ್ರತಿಯೊಂದು ಬಳ್ಳಿಯನ್ನೂ ಸುತ್ತಿ ಸುತ್ತಿ, ಸಿಂಬೆಯಂತೆ, ಬುಟ್ಟಿಯಂತೆ ನೆಯ್ದು ಇಟ್ಟಿರುತ್ತಾರೆ. ಗೊಂಚಲುಗಳು ಆ ಬುಟ್ಟಿಯ ಒಳಗೆ, ಗಾಳಿಗೂ ಮರಳಿಗೂ ಸಿಕ್ಕದಂತೆ ಅಡಗಿರುತ್ತವೆ. ಕಾಳಿದಾಸನು ಹೇಳಿದ್ದು ಇದೇ ಎಂದು ನಾನು ಸಾಧಿಸುವುದಿಲ್ಲ. ಆದರೆ ನೆಲದ ಮೇಲೆ ಇಟ್ಟ ಹಸಿರು ಬಳೆಗಳನ್ನು ಕಂಡು, ನಾನು ಕಲಿಸಿದ ಶಬ್ದಕ್ಕೆ ಇಂಥದೊಂದು ರೂಪವೂ ಇರಬಹುದೆಂದು ಅಲ್ಲಿಯೇ ನಿಂತುಬಿಟ್ಟೆನು.

ನಾನು ಸಮಾಸವನ್ನು ಬಿಡಿಸುತ್ತಿದ್ದ ಹೊತ್ತಿಗೆ ಅಳಿಯಂದಿರು ಮಂಡಿಯೂರಿ ಕುಳಿತು ಬುಡದ ಮಣ್ಣನ್ನು ಕೆದಕುತ್ತಿದ್ದರು. "ಮಾವಾರ, ಇಲ್ಲಿ ನೋಡ್ರಿ. ಒಂದು ಹನಿ ನೀರು ಬಿಟ್ಟಿಲ್ಲ ಇವ್ರು" ಎಂದರು. ತೋಟದವನನ್ನು ಅವರು ಒಂದೊಂದಾಗಿ ಕೇಳಿ ನನಗೆ ತಿಳಿಸಿದರು. ಮಳೆ ಬಲು ಕಡಮೆ; ರಾತ್ರಿಯ ಕಡಲ ಮಂಜನ್ನು ಆ ಹಗುರವಾದ ಬೆಂಕಿಕಲ್ಲಿನ ಪುಡಿಯು ಹೀರಿಟ್ಟುಕೊಂಡು ಬೇರಿಗೆ ಕೊಡುತ್ತದೆ. 19ನೆಯ ಶತಮಾನದಲ್ಲಿ ಯೂರೋಪಿನ ದ್ರಾಕ್ಷಿತೋಟಗಳನ್ನೆಲ್ಲ ಹಾಳುಮಾಡಿದ ಬೇರಿನ ಹೇನು ಈ ಬೂದಿಮಣ್ಣಿನಲ್ಲಿ ಬದುಕಲಾರದೆ ಹೋಯಿತು. ಆದಕಾರಣ ಇಲ್ಲಿಯ ಬಳ್ಳಿಗಳು ಕಸಿಯಿಲ್ಲದೆ ಸ್ವಂತ ಬೇರಿನ ಮೇಲೆ ನಿಂತಿವೆ. ಬಳ್ಳಿಗೆ ಮುಪ್ಪು ಬಂದಾಗ ಬುಡಕ್ಕೆ ಕತ್ತರಿಸಿದರೆ ಹಳೆಯ ಬೇರಿನಿಂದಲೇ ಹೊಸ ಚಿಗುರು ಬರುತ್ತದೆ. "ನಮ್ಮಲ್ಲಿ ಡಾಗ್‌ರಿಜ್ ಬೇರಿಗೆ ಕಸಿ ಕಟ್ತೀವ್ರಿ. ಒಣದ್ರಾಕ್ಷಿ ನೆರಳಾಗ ಒಣಗಸ್ತೀವಿ, ಇವ್ರು ಬಿಸಿಲಾಗ ಹಾಕ್ಯಾರ" ಎಂದು ಹೇಳಿ, ಸ್ವಲ್ಪ ತಡೆದು, "ನಮ್ಮಪ್ಪ ಇದನ್ನ ನೋಡಬೇಕಿತ್ರಿ ಮಾವಾರ. ನಾಲ್ಕೆಕರೆ ತ್ವಾಟಕ್ಕ ಹನ್ನೊಂದು ಬೋರು ಕೊರಸಿದ. ಕಡೀಕ ಟ್ಯಾಂಕರ್ ನೀರು ತಂದು ಹಾಕಿ, ಸಾಲದಾಗ ಹ್ವಾದ" ಎಂದರು.

ಅವರ ತಂದೆ ದ್ರಾಕ್ಷಿಯ ಬೆಳೆಗಾರರೆಂಬುದು ನನಗೆ ಆ ದಿನವೇ ತಿಳಿದದ್ದು. ಒಂಬತ್ತು ವರ್ಷ ನಾನು ಅವರ ಕುಲವೇನೆಂಬುದನ್ನು ಚೆನ್ನಾಗಿ ಬಲ್ಲವನಾಗಿದ್ದೆನು. ಅವರ ತಂದೆ ಏನು ಮಾಡಿಕೊಂಡಿದ್ದರು, ಹೇಗೆ ಹೋದರು ಎಂದು ಒಂದು ಸಲವೂ ಕೇಳಿರಲಿಲ್ಲ.

ತೋಟದವನು ಮನೆಯ ಜಗಲಿಯಲ್ಲಿ ಕುಳ್ಳಿರಿಸಿ ಎರಡು ಬಗೆಯ ದ್ರಾಕ್ಷಾಮದ್ಯವನ್ನು ತಂದನು. ಒಂದು ಅಸಿರ್ತಿಕೊ ಎಂಬ ಬಿಳಿಯ ದ್ರಾಕ್ಷಿಯದು, ತಿಳಿಯಾದದ್ದು. ಇನ್ನೊಂದು ವಿನ್ಸಾಂತೊ, ಹಣ್ಣನ್ನು ಬಿಸಿಲಿನಲ್ಲಿ ಬಾಡಿಸಿ, ರಸ ಹಿಂಡಿ, ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟು ತೆಗೆದದ್ದು, ಜೋನಿಬೆಲ್ಲದ ಬಣ್ಣ. ನಾನು ಕೈ ಅಡ್ಡ ಹಿಡಿದೆನು. ಅವನು ಬೇಸರಪಟ್ಟುಕೊಳ್ಳದೆ, ಅಂದೇ ಕುಯ್ದ ಒಂದು ಗೊಂಚಲನ್ನು ತೊಳೆದು ತಂದು ಕೊಟ್ಟನು. ಆ ಹಣ್ಣಿನ ಹುಳಿಸಿಹಿಯಲ್ಲಿ ಕಡಲಿನ ಉಪ್ಪಿನ ಒಂದು ಎಳೆ ಇದ್ದಿತು. ಅಳಿಯಂದಿರು ತಮ್ಮ ಲೋಟವನ್ನು ಹಿಡಿದುಕೊಂಡು, ಎಂದಿನಂತೆ, ನನಗೆ ಕಾಣದಂತೆ ಜಗಲಿಯ ಆಚೆಯ ಕೊನೆಗೆ ಹೋದರು.

ಮದ್ಯವನ್ನು ನಾನು ಕುಡಿದಿಲ್ಲ. ಇನ್ನು ಕುಡಿಯುವುದೂ ಇಲ್ಲ. ಆದರೆ ಅದನ್ನು ಕಂಡು ಮೂಗು ಮುರಿಯುವಷ್ಟು ಪರಿಶುದ್ಧನೂ ನಾನಲ್ಲ. ನಮ್ಮ ಪಾಣಿನಿಯು ಕಾಪಿಶೀ ಎಂಬ ಊರಿನ ಹೆಸರಿನಿಂದ ಕಾಪಿಶಾಯನವೆಂಬ ಶಬ್ದವನ್ನು ಸಾಧಿಸುವುದಕ್ಕೆ ಒಂದು ಸೂತ್ರವನ್ನೇ ಮಾಡಿದ್ದಾನೆ. ಕೌಟಿಲ್ಯನ ಪ್ರಕಾರ ಆ ಹೆಸರು ದ್ರಾಕ್ಷಿಯ ಮದ್ಯಕ್ಕೆ ಸಲ್ಲುತ್ತದೆ. ಚರಕನು ಮದಾತ್ಯಯ ಚಿಕಿತ್ಸೆಯಲ್ಲಿ ಅದನ್ನು ಸೇವಿಸುವ ವಿಧಿಯನ್ನೂ ಮೀರಿದರೆ ಬರುವ ಕೇಡನ್ನೂ ಎರಡನ್ನೂ ಹೇಳಿದ್ದಾನೆ. ನಮ್ಮ ಮಧು ಶಬ್ದವೂ ಹಳೆಯ ಗ್ರೀಕರ ಮೆಥು ಶಬ್ದವೂ ಒಂದೇ ಮೂಲದವು. ಆ ಪ್ರಾಚೀನರು ನೀರು ಬೆರೆಸದೆ ಕುಡಿಯುವುದನ್ನು ಅನಾಗರಿಕರ ಲಕ್ಷಣವೆಂದು ತಿಳಿದಿದ್ದರು. ಇಂದಿಗೂ ಅವರು ದ್ರಾಕ್ಷಾಮದ್ಯವನ್ನು ಕರೆಯುವ ಕ್ರಾಸಿ ಎಂಬ ಮಾತಿನ ಮೂಲಾರ್ಥ ಬೆರಕೆಯೆಂದೇ. ಇಷ್ಟೆಲ್ಲ ಏಕೆ, ವೈದ್ಯರ ಮಾತಿನಂತೆ ಊಟವಾದ ಮೇಲೆ ಎರಡೆರಡು ಚಮಚ ದ್ರಾಕ್ಷಾರಿಷ್ಟವನ್ನು ನಾನು ಎಷ್ಟೋ ವರ್ಷದಿಂದ ಕುಡಿಯುತ್ತಿದ್ದೇನೆ. ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಾಂಶವಿರುವುದೆಂದು ಸೀಸೆಯ ಮೇಲೆಯೇ ಅಚ್ಚುಹಾಕಿರುತ್ತಾರೆ. ಕನ್ನಡಕ ಹಾಕಿಕೊಂಡು ಓದುವ ನಾನು ಅದನ್ನು ಮಾತ್ರ ಓದದೆ ಬಿಟ್ಟಿದ್ದೆನು.

"ಇಲ್ಲಿಯೇ ಬನ್ನಿ, ಕೂತುಕೊಳ್ಳಿ" ಎಂದು ಅಳಿಯಂದಿರನ್ನು ಕರೆದೆನು. ಅವರು ಲೋಟವನ್ನು ಅಲ್ಲಿಯೇ ಇಟ್ಟು ಬಂದರು. ಆ ದ್ವೀಪಗಳಲ್ಲಿ ತನ್ನ ಲೋಟಕ್ಕೆ ತಾನೇ ಬಗ್ಗಿಸಿಕೊಳ್ಳದೆ ಪಕ್ಕದವರಿಗೆ ಬಗ್ಗಿಸುವುದನ್ನು ನಾನು ದಾರಿಯುದ್ದಕ್ಕೂ ನೋಡಿಕೊಂಡು ಬಂದಿದ್ದೆನು. ಸೀಸೆಯನ್ನು ಎತ್ತಿ ಅವರ ಮುಂದೆ ಇದ್ದ ಬೇರೆ ಲೋಟಕ್ಕೆ ನಾನೇ ಬಗ್ಗಿಸಿದೆನು. ಅಭ್ಯಾಸವಿಲ್ಲದ ಕೈ, ಸ್ವಲ್ಪ ಮೇಜಿನ ಮೇಲೆ ಚೆಲ್ಲಿತು. ಅವರು ಎರಡು ಕೈಯಿಂದಲೂ ಲೋಟವನ್ನು ಹಿಡಿದುಕೊಂಡರು. "ನಿಮ್ಮ ತಂದೆಯವರ ತೋಟದ ವಿಷಯ ಹೇಳಿ" ಎಂದೆನು. ಕತ್ತಲಾಗುವವರೆಗೆ ಹೇಳಿದರು.

ಊರಿಗೆ ಬಂದ ಮೇಲೆ ಹಿರಿಯರೊಬ್ಬರು ಮನೆಗೆ ಬಂದು, ಸಮುದ್ರಯಾನಕ್ಕೆ ಏನು ಪ್ರಾಯಶ್ಚಿತ್ತ ಮಾಡಿಕೊಂಡಿರೆಂದು ಕೇಳಿದರು. ಮಾಡಿಕೊಳ್ಳಬೇಕಾದದ್ದು ಒಂದಿದೆ, ಆದರೆ ಅದು ಸಮುದ್ರದ್ದಲ್ಲ, ಒಂಬತ್ತು ವರ್ಷದ ಹಾಲುಹಣ್ಣಿನದು ಎಂದೆನು. ಅವರಿಗೆ ಅರ್ಥವಾಗಲಿಲ್ಲ. ನಾನೂ ವಿವರಿಸಲಿಲ್ಲ. ಈ ಸಲದ ಮಿಡಿ ಬಂದಾಗ ಎರಡು ಭರಣಿ ಹೆಚ್ಚು ಹಾಕಿಸಿದ್ದೇನೆ; ಒಂದು ಸಿಫ್ನೋಸಿಗೆ, ಒಂದು ಮಗಳ ಮನೆಗೆ. ಮಗಳ ಭರಣಿಯನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ದೀಪಾವಳಿಗೆ ಅವರು ಬೆಂಗಳೂರಿಗೆ ಬರುತ್ತಾರೆ; ನಾನೇ ಹೊತ್ತುಕೊಂಡು ಹೋಗಿ, ಊಟದ ಹೊತ್ತಿಗೆ ಸರಿಯಾಗಿ ಕೊಡಬೇಕೆಂದಿದ್ದೇನೆ.